ಒಂದೂವರೆ ಗೇಣು ಕಬ್ಬಿಣ

ರೋಣದ ನಮ್ಮ ಬಾಡಿಗೆ ಮನೆಯಲ್ಲಿ ಗಾಳಿಗೆ ಬಾಗಿಲು ಬಡಿಯಬಾರದೆಂದು ಒಂದು ಕಬ್ಬಿಣದ ತುಂಡನ್ನು ಒತ್ತಿ ಇಡುತ್ತಿದ್ದೆವು. ಒಂದೂವರೆ ಗೇಣು ಉದ್ದ, ಚೌಕ ಪೈಪಿನ ತುಂಡು, ಒಳಗೆ ಪೊಳ್ಳು. ನನ್ನ ಹೆಂಡತಿ ವಾರಕ್ಕೊಮ್ಮೆಯಾದರೂ ಅದಕ್ಕೆ ಎಡವಿ ಹೆಬ್ಬೆರಳು ಹಿಡಿದುಕೊಂಡು ಕೂರುತ್ತಿದ್ದಳು. "ಇದನ್ನ ಗುಜರಿಗೆ ಯಾಕ ಹಾಕವಲ್ರಿ ನೀವು?" ಎಂದು ಕೇಳಿದರೆ ನಾನು, "ಇರಲಿ ಬಿಡು, ಚಲೋ ವಜ್ಜಾ ಐತಿ" ಎಂದು ಮಾತು ತೇಲಿಸುತ್ತಿದ್ದೆ. ವಜ್ಜೆ ಇದ್ದದ್ದು ಖರೆ. ಆದರೆ ಎಷ್ಟು ಭಾರ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನಾನು ರೋಣದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ಅಣ್ಣ ಸವಡಿಯಲ್ಲಿ ಹೊಲ ನೋಡಿಕೊಂಡಿದ್ದವನು, ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಅಣ್ಣ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ತಂದ. ಟ್ರೇಲರ್ ಅದರ ಜೊತೆಗೆ ಬಂದದ್ದಲ್ಲ, ನರಗುಂದದಲ್ಲಿ ಯಾರೋ ದೊಡ್ಡ ಟ್ರ್ಯಾಕ್ಟರಿಗೆಂದು ಮಾಡಿಸಿ ಬಿಟ್ಟದ್ದನ್ನು ಬೇರೆಯಾಗಿ ತಂದದ್ದು. ಗಿಡ್ಡ ಹುಡುಗನಿಗೆ ಎತ್ತರದ ಕನ್ಯೆ ತಂದಂತಾಗಿತ್ತು. ಎತ್ತಿನ ಬಂಡಿಗೆ ಮೂಕಿ ಇರುವಂತೆ ಟ್ರೇಲರಿನ ಮುಂದೆಯೂ ಒಂದು ಕಬ್ಬಿಣದ ಮೂಕಿ ಇರುತ್ತದೆ. ಅದರ ತುದಿಯ ಬಳೆ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಕೂಡುತ್ತದೆ. ಈ ಟ್ರೇಲರಿನ ಮೂಕಿ ಭಾರೀ ಉದ್ದ. ಎರಡನ್ನೂ ಜೋಡಿಸಿ ಸವಡಿಯ ನಮ್ಮ ಅಂಗಳದಲ್ಲಿ ನಿಲ್ಲಿಸಿದರೆ ಟ್ರೇಲರಿನ ಬಾಲ ಒಂದು ಗೇಣು ಓಣಿಗೆ ಚಾಚಿಕೊಳ್ಳುತ್ತಿತ್ತು. ದಿನಾ ಬಿಚ್ಚಿ ಇಡೋಣವೆಂದರೆ ಜಾಕಿ ಕೊಡಬೇಕು, ಕಲ್ಲು ಒಡ್ಡಬೇಕು, ನಾಲ್ಕು ಮಂದಿ ಬೇಕು.

ಎದುರು ಮನೆಯ ಅಜ್ಜಿಗೆ ಇದೇ ಒಂದು ಹಬ್ಬವಾಯಿತು. ಮುಂಜಾನೆ ಎದ್ದವಳೇ ಸೊಂಟಕ್ಕೆ ಕೈ ಕೊಟ್ಟು ನಿಂತು, "ನಿಮ್ಮ ಟ್ರೇಲರ್ ಮನ್ಯಾಗ ಹಿಡಸೂದಿಲ್ಲಂದ್ರ ಮನೀನ ಟ್ರೇಲರಿನ್ಯಾಗ ಇಟಗೊಂಡು ಎಲ್ಲ್ಯಾರ ಹೋಗ್ರಿ" ಎನ್ನುತ್ತಿದ್ದಳು. ಅಣ್ಣ ನಗುತ್ತಿದ್ದ. ನನಗೆ ಮಾತ್ರ, ಸೂಟಿಗೆ ಊರಿಗೆ ಹೋದಾಗಲೆಲ್ಲ, ಸಿಟ್ಟು ನೆತ್ತಿಗೇರುತ್ತಿತ್ತು. ನನ್ನ ಸ್ವಭಾವವೇ ಹಾಗೆ. ಯಾರಾದರೂ ನಮ್ಮಲ್ಲೊಂದು ತಪ್ಪು ತೋರಿಸಿದರೆ ಅದನ್ನು ಸಂಜೆಯೊಳಗೆ ಸರಿಮಾಡಿ ಅವರ ಬಾಯಿ ಮುಚ್ಚಿಸಬೇಕು, ಇಲ್ಲದಿದ್ದರೆ ಉಂಡ ಅನ್ನ ಇಳಿಯುವುದಿಲ್ಲ.

"ಗಜೇಂದ್ರಗಡಕ್ಕ ಒಯ್ದು ಮೂಕಿ ಸಣ್ಣದು ಮಾಡಸೂಣು" ಎಂದೆ. ಅಣ್ಣ, "ನೀ ಲೆಕ್ಕದಾಂವ, ನೀನ ನೋಡು" ಎಂದ. ಓದಿದ ತಮ್ಮನ ಮಾತೆಂದರೆ ಅವನಿಗೆ ಶಿಲಾಶಾಸನ.

ಇಲ್ಲಿ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಮೇಲಿನ ಮಡ್‌ಗಾರ್ಡ್ ನಮ್ಮ ಕಡೆ ಮರ್ಯಾದೆಯ ಜಾಗ. ಚೀಲ, ಆಳುಮಕ್ಕಳು ಹಿಂದೆ ಟ್ರೇಲರಿನಲ್ಲಿ. ಬೀಗರು, ಹಿರಿಯರು, ಮಾಸ್ತರರು ಮುಂದೆ ಮಡ್‌ಗಾರ್ಡಿನ ಮೇಲೆ. ಅಪಾಯ ಎಂದು ಎಲ್ಲರಿಗೂ ಗೊತ್ತು, ಆದರೆ ಬೀಗರನ್ನು ಚೀಲಗಳ ನಡುವೆ ಕೂಡಿಸುವ ಎದೆ ಯಾರಿಗಿದೆ? ಅಣ್ಣ ಗಾಡಿ ಚಾಲೂ ಮಾಡಿ ಎಡಗೈಯಿಂದ ಮಡ್‌ಗಾರ್ಡನ್ನು ಎರಡು ಸಲ ತಟ್ಟಿ "ಹತ್ತು" ಎನ್ನುತ್ತಿದ್ದ. ಗಜೇಂದ್ರಗಡಕ್ಕೆ ಹೋದ ದಿನವೂ ಹಾಗೆಯೇ ತಟ್ಟಿದ. ನಾನು ಇಸ್ತ್ರಿ ಅಂಗಿ ತೊಟ್ಟು, ಕಿಸೆಯಲ್ಲಿ ಮಡಚಿದ ಗ್ರಾಫ್ ಕಾಗದ ಇಟ್ಟುಕೊಂಡು ಅಲ್ಲಿ ಕುಳಿತು ಹೋದೆ.

ವೆಲ್ಡಿಂಗ್ ಮಾಡುವವರು ಅರವತ್ತರ ಸಮೀಪದ ಒಬ್ಬ ಮುಸ್ಲಿಂ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಗಜೇಂದ್ರಗಡದಿಂದ ಹೊಳೆದಂಡೆಯ ಊರುಗಳವರೆಗೂ ಅವರ ಅಳತೆಗೆ ಹೆಸರಿತ್ತು. ಅವರದೊಂದು ರೂಢಿ. ಕಬ್ಬಿಣ ಕಡಿಯುವ ಮೊದಲು ಗಿರಾಕಿಯ ಕೈಗೇ ಸೀಮೆಸುಣ್ಣ ಕೊಟ್ಟು, ಎಲ್ಲಿ ಕಡಿಯಬೇಕೋ ಅಲ್ಲಿ ಗೆರೆ ಎಳೆಸುತ್ತಿದ್ದರು. ಆ ಗೆರೆಯ ಮೇಲೆ ತಾವು ಪಂಚ್ ಎಂಬ ಚೂಪು ಉಳಿಯಿಂದ ಸಾಲಾಗಿ ಚುಕ್ಕಿ ಹೊಡೆಯುತ್ತಿದ್ದರು. ಸುಣ್ಣ ಬೆಂಕಿಗೆ ಅಳಿಸುತ್ತದೆ, ಚುಕ್ಕಿ ಅಳಿಸುವುದಿಲ್ಲ. ಕಡಿದಾದ ಮೇಲೆ ಅರ್ಧ ಚುಕ್ಕಿ ಈ ತುಂಡಿನ ಅಂಚಿನಲ್ಲಿ, ಅರ್ಧ ಚುಕ್ಕಿ ಆ ತುಂಡಿನ ಅಂಚಿನಲ್ಲಿ ಉಳಿಯುತ್ತದೆ. ಕಡಿದ ತುಂಡನ್ನು ಗಿರಾಕಿಗೇ ಕೊಟ್ಟು ಕಳಿಸುತ್ತಿದ್ದರು. ನಾಳೆ ಯಾರೂ ಅಳತೆ ತಪ್ಪಿತು ಎನ್ನಬಾರದು.

ಅಣ್ಣ ನನ್ನನ್ನೂ ಗಾಡಿಯನ್ನೂ ಅಲ್ಲಿ ಬಿಟ್ಟು ಹಗ್ಗ, ನೇಗಿಲ ಕುಡ ನೋಡಲು ಪೇಟೆಗೆ ಹೋದ. ಚಾಚಾ ಟ್ರ್ಯಾಕ್ಟರ್ ಸುತ್ತ ಒಂದು ಸುತ್ತು ಬಂದರು, ಗಾಲಿಗೂ ಟ್ರೇಲರಿಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದರು.

"ಮಾಸ್ತರ್ರ, ಇದನ್ನ ಕಡೀಬ್ಯಾಡ್ರಿ" ಎಂದರು. "ಎಂಟು ದಿನ ಟೈಮ್ ಕೊಡ್ರಿ. ಹುಬ್ಬಳ್ಳಿಯಿಂದ ಪೈಪ್ ತರಸ್ತೀನಿ. ದೊಡ್ಡ ಪೈಪಿನ್ಯಾಗ ಸಣ್ಣ ಪೈಪ್ ಸರದಾಡೂಹಂಗ ಮಾಡ್ತೀನಿ. ಎರಡು ತೂತು, ಒಂದು ಪಿನ್. ಮನೀ ಮುಂದ ನಿಲ್ಲಿಸ್ದಾಗ ಒಳಗ ಸರಸ್ರಿ, ಹಾದಿಗೆ ಹೊಂಟಾಗ ಹೊರಗ ಎಳೀರಿ. ಓಣಿಗೂ ಆತು, ಹಾದಿಗೂ ಆತು."

"ಪ್ರತಿಸಲ ಯಾರು ಇಳದು ಪಿನ್ ತಗದು ಹಾಕಾವ್ರು? ನಮ್ಮಣ್ಣ ಮರೀತಾನ್ರಿ" ಎಂದೆ. ಬಿತ್ತುವ ಕೂರಿಗೆಯ ಒಂದು ಸಾಲು ತಪ್ಪದ ಅಣ್ಣನ ಬಗ್ಗೆ ನಾನು ಹಾಗೆಂದೆ.

ಚಾಚಾ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದರು, ಇನ್ನೊಂದನ್ನು ಗೂಡಿನಿಂದ ತಂದರು. ಎರಡರ ನಡುವೆ ಒಂದು ಕಡ್ಡಿ ಸಿಕ್ಕಿಸಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಮುಂದಿನದನ್ನು ಮೆಲ್ಲಗೆ ತಿರುಗಿಸಿದರು. ಆಮೇಲೆ ಕಡ್ಡಿಯನ್ನು ಅರ್ಧಕ್ಕೆ ಮುರಿದು ಮತ್ತೆ ಸಿಕ್ಕಿಸಿ ತಿರುಗಿಸಿದರು. ಈ ಸಲ ಹಿಂದಿನ ಪೆಟ್ಟಿಗೆಯ ಮೂಲೆ ಬಂದು ಮುಂದಿನದಕ್ಕೆ ತಾಗಿತು.

"ನೋಡ್ರಿ. ಪೂರಾ ಹೊಳ್ಳಿಸಿದ್ರ ಮೂಲಿ ಬಂದು ಮಡ್‌ಗಾರ್ಡಿಗೆ ಹೊಡೀತೈತಿ. ಅಲ್ಲೆ ಮನಷ್ಯಾ ಕುಂತಿರ್ತಾನ."

ನಾನು ನಕ್ಕೆ. ಕಿಸೆಯಿಂದ ಗ್ರಾಫ್ ಕಾಗದ ತೆಗೆದು ಬಿಚ್ಚಿದೆ. ನಮ್ಮ ಓಣಿಯಿಂದ ಊರ ರಸ್ತೆಗೆ ತಿರುಗುವ ಕೋನ, ಟ್ರೇಲರಿನ ಅಗಲ, ಗಾಲಿಯ ವ್ಯಾಸ ಎಲ್ಲ ಹಾಕಿ ಲೆಕ್ಕ ಮಾಡಿದ್ದೆ. ಒಂದೂವರೆ ಗೇಣು ಕಡಿದರೂ ಆ ತಿರುವಿನಲ್ಲಿ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಲೆಕ್ಕ ಸರಿಯೇ ಇತ್ತು. ಆದರೆ ಅದು ಆ ಒಂದು ತಿರುವಿನ ಲೆಕ್ಕ. ಜಗತ್ತಿನಲ್ಲಿ ನಮ್ಮ ಓಣಿಯ ತಿರುವು ಬಿಟ್ಟು ಬೇರೆ ತಿರುವುಗಳಿವೆ ಎಂಬುದು ನನಗೆ ಹೊಳೆಯಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು, ಅದೂ ಸೊಕ್ಕಿನ ಸಮೇತ.

"ಚಾಚಾ, ಇದು ಕಡ್ಡಿಪೆಟ್ಟಿಗಿ ಆಟ ಅಲ್ರಿ, ಲೆಕ್ಕ" ಎಂದೆ.

ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ನಂತರ ಸೀಮೆಸುಣ್ಣ ಚಾಚಿ, "ಹಂಗಾರ ಗೆರಿ ನೀವ ಎಳೀರಿ" ಎಂದರು. ನಾನು ಮೂಕಿಯ ಮೇಲೆ ಬಗ್ಗಿ, ಕರಿಹಲಗೆಯ ಮೇಲೆ ಎಳೆಯುವಂತೆ ನೆಟ್ಟಗೆ ಒಂದು ಗೆರೆ ಎಳೆದೆ. ಅವರು ಅದರ ಮೇಲೆ ಏಳು ಚುಕ್ಕಿ ಹೊಡೆದರು. ಸಂಜೆಗೆ ಅಣ್ಣ ಬಂದಾಗ ಕೆಲಸ ಮುಗಿದಿತ್ತು, ತುಂಡು ನನ್ನ ಚೀಲದಲ್ಲಿತ್ತು. ಅಂಗಳದಲ್ಲಿ ಟ್ರೇಲರ್ ಬಾಲ ಮುದುರಿಕೊಂಡು ನಿಂತಿತು. ಮರುದಿನ ಅಜ್ಜಿ ಹೊರಬಂದು ನೋಡಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಆ ದಿನದಷ್ಟು ರುಚಿಯಾದ ರೊಟ್ಟಿ ನಾನು ಉಂಡದ್ದಿಲ್ಲ.

ಆ ಮಳೆಗಾಲದಲ್ಲಿ ಹೊಳೆ ಬಂತು.

ನಮ್ಮ ಅಕ್ಕನನ್ನು ಹೊಳೆದಂಡೆಯ ಮೆಣಸಗಿಗೆ ಕೊಟ್ಟಿದ್ದೆವು. ಮಲಪ್ರಭೆಗೆ ನೀರು ಹೆಚ್ಚಿದೆ ಎಂಬ ಸುದ್ದಿ ಬಂದ ಕೂಡಲೇ ಅಕ್ಕ ಅತ್ತೆಯನ್ನು ಕರೆದುಕೊಂಡು ಸವಡಿಗೆ ಬಂದಳು. ಹಿಂದಿನಿಂದ ಅವಳ ಗಂಡನೂ ಬಂದ. ಅವನನ್ನು ನಾವು ಮಾಮಾ ಎನ್ನುತ್ತೇವೆ. ಊರ ಭಜನೆ ಮೇಳದಲ್ಲಿ ತಬಲಾ ಬಾರಿಸುವವನು, ಅವನ ಎಡಗೈ ಡಗ್ಗಾದ ಮೇಲೆ ಬಿದ್ದರೆ ಮಲಗಿದ ಕೂಸೂ ತಲೆ ಆಡಿಸುತ್ತಿತ್ತು. ಮನೆಯಲ್ಲಿ ಜೋಳದ ಚೀಲ ಉಳಿದಿವೆ, ನೀರು ಒಳಗೆ ಬರುವ ಮೊದಲು ತರಬೇಕು ಎಂದ. ಸುದ್ದಿ ಕೇಳಿ ನಾನೂ ರೋಣದಿಂದ ಬಂದಿದ್ದೆ. ಮಧ್ಯಾಹ್ನ ಊಟ ಮಾಡಿ ಅಣ್ಣ, ಮಾಮಾ, ನಾನು ಮೂವರೂ ಹೊರಟೆವು. ಅಣ್ಣ ಎಂದಿನಂತೆ ಮಡ್‌ಗಾರ್ಡ್ ತಟ್ಟಿದ. ಮನೆಯ ಅಳಿಯ ಇರುವಾಗ ಅಲ್ಲಿ ನಾನು ಹತ್ತುವುದು ಚಂದವೇ? "ಮಾಮಾ, ನೀ ಕುಂಡ್ರು" ಎಂದು ಅವನನ್ನು ಹತ್ತಿಸಿ ನಾನು ಟ್ರೇಲರಿನ ಮುಂದಿನ ಹಲಗೆ ಹಿಡಿದು ನಿಂತೆ.

ಮೆಣಸಗಿ ಇನ್ನೂ ದೂರವಿರುವಾಗಲೇ ರಸ್ತೆಯ ಮೇಲೆ ನೀರು ಎದುರಾಯಿತು. ಕೆಂಪು ನೀರು, ಸದ್ದಿಲ್ಲದೆ ನಮ್ಮ ಕಡೆಗೇ ಬರುತ್ತಿತ್ತು. ಮುಂದೆ ಹೋಗುವಂತಿಲ್ಲ. ಎರಡೂ ಬದಿಗೆ ಎರೆಮಣ್ಣು, ಇಳಿದರೆ ಗಾಲಿ ಹೂತು ಹೋಗುತ್ತದೆ. ಅಣ್ಣ ರಸ್ತೆಯ ಅಗಲದಲ್ಲೇ ಹೊಳ್ಳಿಸಬೇಕಾಯಿತು. ಸ್ಟೇರಿಂಗನ್ನು ಪೂರಾ ಎಳೆದ.

ನಾನು ನಿಂತದ್ದು ಸರಿಯಾಗಿ ಆ ಮೂಲೆಯಲ್ಲಿ. ಮಾಮಾ ನೀರಿನ ಕಡೆಗೇ ನೋಡುತ್ತ, ಎಡಗೈ ಹಿಂದಕ್ಕೆ ಚಾಚಿ ಮಡ್‌ಗಾರ್ಡಿನ ಅಂಚು ಹಿಡಿದಿದ್ದ. ನನ್ನ ಕಾಲ ಕೆಳಗಿನ ಮೂಲೆ ಅವನ ಕೈಯ ಕಡೆಗೆ ಸರಿಯುತ್ತಿತ್ತು. ಅಡಿಗಲ್ಲಿನ ಮೇಲೆ ಕಡ್ಡಿಪೆಟ್ಟಿಗೆ ತಿರುಗಿದ್ದು ಕಣ್ಣ ಮುಂದೆ ಬಂತು. ಕೂಗಬೇಕು ಎಂದುಕೊಂಡೆ. ತರಗತಿಯಲ್ಲಿ ಎಂಬತ್ತು ಹುಡುಗರನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ಗಂಟಲು ಅದು. ಆ ಹೊತ್ತಿಗೆ ಬರಲಿಲ್ಲ. ಕೂಗಿದ್ದು ಮಾಮಾ.

ಹಿಂದೆ ಬರುತ್ತಿದ್ದ ಒಂದು ಜೀಪಿನವರು ನಮ್ಮನ್ನು ನರಗುಂದದ ದವಾಖಾನೆಗೆ ಮುಟ್ಟಿಸಿದರು. ಮಾಮಾನ ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಅಣ್ಣ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದ, ತಾನೇ ಹಿಡಿದು ಮುರಿದನೇನೋ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಮೂಕಿ ಭಾಳ ಸಣ್ಣದಾಗೈತಲ್ಲೋ. ಅಷ್ಟು ಕಡೀರಿ ಅಂತ ನೀ ಹೇಳಿದ್ದೇನು?"

ಅವನು ಬೈಯಲೆಂದು ಕೇಳಿದ್ದಲ್ಲ. ಹೌದು ಎಂದಿದ್ದರೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದ, ನನಗೆ ಗೊತ್ತು. ಆದರೂ ನಾನು ಹೇಳಿದೆ:

"ಇಲ್ಲ. ನಾ ಒಂದ ಗೇಣು ಕಡೀರಿ ಅಂದಿದ್ದೆ. ಚಾಚಾನ ಜಾಸ್ತಿ ಕಡಿದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಇಂದಿಗೂ ನನ್ನ ಬಗ್ಗೆ ನನಗೆ ಹೆದರಿಕೆಯಾಗುತ್ತದೆ.

ಮರುದಿನವೇ ಅಣ್ಣ ಗಜೇಂದ್ರಗಡಕ್ಕೆ ಹೊರಟ. ಬೇಡ ಎಂದರೂ ಕೇಳಲಿಲ್ಲ, ನಾನೂ ಹಿಂದೆ ಹೋದೆ. ಅಂಗಡಿಯ ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಅಣ್ಣ ಜೀವಮಾನದಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಅವತ್ತು ಕೂಗಾಡಿದ. "ನಮ್ಮ ತಮ್ಮ ಹೇಳಿದ್ದೊಂದು, ನೀವು ಕಡಿದದ್ದೊಂದು. ನಮ್ಮ ಅಳಿಯನ ಕೈ ಹೋತಲ್ರಿ!" ಎಂದು ಕೈ ಎತ್ತಿಬಿಟ್ಟ. ಎತ್ತಿದ ಕೈ ಅಲ್ಲೇ ನಿಂತಿತು, ಹೊಡೆಯಲಿಲ್ಲ.

ಚಾಚಾ ಅವನ ಕೈ ನೋಡಲಿಲ್ಲ, ಅವನ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಅಳತಿ ತಪ್ಪೇತ್ರಿ" ಎಂದರು ಕೊನೆಗೆ. "ತಂದು ಬಿಡ್ರಿ. ನಾ ಸರಿ ಮಾಡಿ ಕೊಡ್ತೀನಿ."

ಎಂಟು ದಿನಕ್ಕೆ, ಮೊದಲು ಹೇಳಿದಂತೆಯೇ, ಪೈಪಿನೊಳಗೆ ಪೈಪು ಸರಿದಾಡುವ ಮೂಕಿ ಮಾಡಿಕೊಟ್ಟರು. ಕೂಲಿ ಮುಟ್ಟಲಿಲ್ಲ. ಅಂದಿನಿಂದ ಅಣ್ಣ ಓಣಿಯಲ್ಲಿ ಒಳಗೆ ಸರಿಸುವುದನ್ನಾಗಲಿ, ಹಾದಿಗೆ ಹೊರಟಾಗ ಹೊರಗೆ ಎಳೆಯುವುದನ್ನಾಗಲಿ ಒಂದು ದಿನವೂ ಮರೆತದ್ದಿಲ್ಲ.

ಆದರೆ "ಅಳತಿ ತಪ್ಪೇತಿ" ಎಂದು ಚಾಚಾನ ಬಾಯಿಂದಲೇ ಬಂದದ್ದನ್ನು ಆ ಗಿರಾಕಿಗಳು ಕೇಳಿದ್ದರು. ಅದು ಸಂತೆಯಿಂದ ಸಂತೆಗೆ ಹೋಯಿತು. ಹೊಳೆಮಣ್ಣೂರಿನ ಕಡೆಯವರೂ ಟ್ರೇಲರ್ ಕೆಲಸಕ್ಕೆ ಬೇರೆ ಅಂಗಡಿ ಹುಡುಕಿಕೊಂಡರೆಂದು ಯಾರೋ ನಮ್ಮ ಸ್ಟಾಫ್ ರೂಮಿನಲ್ಲೇ ಹೇಳಿದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. ಹುಡುಗರು ಸುಳ್ಳು ಲೆಕ್ಕ ಬರೆದರೆ ಕೆಂಪು ಗೆರೆ ಎಳೆಯುವುದು ನನ್ನ ಉದ್ಯೋಗ, ಎಳೆಯುತ್ತಲೇ ಇದ್ದೆ. ಮನೆಗೆ ಬಂದರೆ ಬಾಗಿಲ ಬಳಿ ಆ ತುಂಡು. ಅಂಚಿನಲ್ಲಿ ಏಳು ಅರ್ಧ ಚುಕ್ಕಿ. ಹಬ್ಬಕ್ಕೆ ಅಕ್ಕ, ಮಾಮಾ ಬಂದಾಗ ನಾನೇ ಓಡಿ ಅದನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಮಾಮಾ ಈಗ ಮೇಳದಲ್ಲಿ ತಬಲಾ ಬಿಟ್ಟು ತಾಳ ಹಾಕುತ್ತಾನೆ. "ಏನೂ ಆಗಿಲ್ಲ ಬಿಡಪಾ, ತಾಳಕ್ಕ ಮೂರು ಬೆರಳು ಸಾಕು" ಎಂದು ಅವನೇ ನನ್ನನ್ನು ಸಮಾಧಾನ ಮಾಡುತ್ತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಮೂರು ವರ್ಷ ಹೀಗೇ ಕಳೆಯಿತು. ಪರೀಕ್ಷೆಯ ಕೆಲಸಕ್ಕೆಂದು ಗಜೇಂದ್ರಗಡಕ್ಕೆ ಹೋದಾಗ ಚಾಚಾನ ಅಂಗಡಿಯ ಜಾಗದಲ್ಲಿ ಬೇರೆ ಯಾರೋ ಸೈಕಲ್ ರಿಪೇರಿ ಇಟ್ಟಿದ್ದರು. ಕೇಳಿಕೊಂಡು ಹೋದರೆ ಊರ ಹೊರಗೆ ಕಿಟಕಿ ಜಾಲರಿ ಮಾಡುವ ಶೆಡ್ಡಿನಲ್ಲಿ ಅವರು ಕೂಲಿಗಿದ್ದರು. ಮಾಲೀಕ ಮೂವತ್ತರ ಗಂಡಸು. ಅವನು ಸರಳಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಹೋಗುತ್ತಿದ್ದ, ಚಾಚಾ ಕಡಿಯುತ್ತಿದ್ದರು. ನನ್ನನ್ನು ಕಂಡು ಎದ್ದು, "ಬರ್ರಿ ಮಾಸ್ತರ್ರ, ಅರಾಮ ಅದೀರಿ?" ಎಂದರು. ಅಳಿಯನ ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಸರಳಿನ ಕಡೆ ನೋಡಿ ನಕ್ಕು, "ಈಗ ಗೆರಿ ಎಳಿಯಾಂವ ಬ್ಯಾರೆ, ಕಡಿಯಾಂವಷ್ಟ ನಾ" ಎಂದರು.

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಸರಳಿನ ರಾಶಿಯ ಪಕ್ಕ ನಿಂತು ಎಲ್ಲ ಹೇಳಿದೆ. ದವಾಖಾನೆಯಲ್ಲಿ ನಾನಾಡಿದ ಸುಳ್ಳು, ನನ್ನ ಮನೆಯಲ್ಲಿರುವ ತುಂಡು, ಎಲ್ಲ. "ಅವತ್ತು ನೀವು ಯಾಕ ಹೇಳಲಿಲ್ರಿ ಚಾಚಾ? ಗೆರಿ ಇವರ ಎಳದಾರ ಅಂತ ಒಂದ ಮಾತು?" ಎಂದು ಅವರ ಮೇಲೆಯೇ ಹೊರಿಸುವಂತೆ ಕೇಳಿದೆ.

"ಅಣ್ಣನ ಮುಂದ ತಮ್ಮನ ಮಾನ ಕಳಿಯೂದು ಚಲೋ ಅಲ್ರಿ" ಎಂದರು. "ಇವತ್ತಲ್ಲ ನಾಳೆ ನೀವ ಹೇಳ್ತೀರಿ ಅಂತ ಸುಮ್ನಾದೆ. ಕಾದೆ."

"ತಪ್ಪಾತ್ರಿ ಚಾಚಾ. ಮಾಫ್ ಮಾಡ್ರಿ."

ಅವರು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು. "ನನಗ್ಯಾಕ ಹೇಳ್ತೀರಿ ಮಾಸ್ತರ್ರ? ನನಗ ಗೊತ್ತ ಐತಲ್ಲ. ಗೊತ್ತಿಲ್ಲದವ್ರಿಗೆ ಹೇಳ್ರಿ." ಇಷ್ಟು ಹೇಳಿ ಮತ್ತೆ ಕೆಲಸಕ್ಕೆ ಕುಳಿತರು.

ಆ ಭಾನುವಾರ ತುಂಡನ್ನು ಚೀಲಕ್ಕೆ ಹಾಕಿಕೊಂಡು ಸವಡಿಯ ಬಸ್ಸು ಹತ್ತಿದೆ. ಅಣ್ಣ ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಟ್ರೇಲರನ್ನು ಹೊಲದಲ್ಲೇ ಬಿಟ್ಟು ಬಂದಿದ್ದ. ಮೊದಲು ತುಂಡನ್ನೇ ಅವನ ಕೈಗೆ ಕೊಟ್ಟೆ. ಅವನು ಹೆಬ್ಬೆರಳಿನಿಂದ ಅಂಚಿನ ಅರ್ಧ ಚುಕ್ಕಿಗಳನ್ನು ಒಂದೊಂದಾಗಿ ಸವರಿದ. ಚಾಚಾನ ರೂಢಿ ಅವನಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಅವತ್ತು ತುಂಡು ಕೇಳದೆ ನನ್ನ ಮಾತನ್ನೇ ನಂಬಿದ್ದ.

"ಗೆರಿ ನಾನ ಎಳದಿದ್ದೆ ಅಣ್ಣಾ. ಇಷ್ಟೂ ನಂದ. ಚಾಚಾ ಬ್ಯಾಡ ಅಂದಿದ್ರು" ಎಂದೆ.

ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಒದ್ದೆ ನೆಲದ ಮೇಲೆ ಹಾಗೆಯೇ ಕುಳಿತುಬಿಟ್ಟ. "ಅವತ್ತು ನಾ ಅವರ ಮ್ಯಾಲೆ ಕೈ ಎತ್ತಿದ್ನಲ್ಲೋ" ಎಂದ. "ನಾಕ ಮಂದ್ಯಾಗ. ಹಿರೇ ಮನಷ್ಯಾರ ಮ್ಯಾಲೆ." ಅದನ್ನೇ ಎರಡು ಸಲ ಹೇಳಿದ. ನನ್ನ ಸುಳ್ಳಿನಿಂದ ಚಾಚಾನ ಹೆಸರು ಹೋಯಿತು ಎಂದು ಮಾತ್ರ ಮೂರು ವರ್ಷ ಲೆಕ್ಕ ಹಾಕಿದ್ದೆ. ಅಣ್ಣನ ಕೈಯಿಂದಲೂ ಒಂದು ಪಾಪ ಮಾಡಿಸಿದ್ದೇನೆ ಎಂಬುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಎದ್ದವನು ತುಂಡನ್ನು ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯಲ್ಲಿಟ್ಟ. "ಮಾಮಾಗ ನೀನ ಹೋಗಿ ಹೇಳು. ನಾ ಗಜೇಂದ್ರಗಡಕ್ಕ ಹೊಂಟೀನಿ" ಎಂದ. ಮೈಮೇಲಿನ ಒದ್ದೆ ಬಟ್ಟೆಯನ್ನೂ ಬದಲಿಸದೆ ಹತ್ತಿ ಗಾಡಿ ಚಾಲೂ ಮಾಡಿದ. ನಾನು ರೂಢಿಯಂತೆ ಎಡಗಡೆಗೆ ಹೋಗಿ, ಮಡ್‌ಗಾರ್ಡಿನ ಪಕ್ಕ ನಿಂತೆ. ಮಾಮಾನ ಕೈ ಸಿಕ್ಕ ಜಾಗದಲ್ಲಿ ತಗಡು ಇನ್ನೂ ನೆಗ್ಗಿಕೊಂಡೇ ಇತ್ತು.

ಅಣ್ಣ ಗೇರ್ ಹಾಕಿದ. ಮಡ್‌ಗಾರ್ಡ್ ತಟ್ಟಲಿಲ್ಲ. ಗಾಡಿ ಅಂಗಳ ದಾಟಿ ಓಣಿಗಿಳಿಯಿತು. ನಾನು ನಿಂತಲ್ಲೇ ನಿಂತಿದ್ದೆ.